ಲ್ಯಾಪ್‌ಟಾಪ್‌ನ ಒಳಗಿನ ವೈಫೈ ಕಾರ್ಡ್ ಬದಲಿಸುವುದು: ಕೊಳ್ಳುವ ಮುನ್ನ ಏನು ನೋಡಬೇಕು, ಆಮೇಲೆ ಹೇಗೆ ಕಾಪಾಡಿಕೊಳ್ಳಬೇಕು?

ಪ್ರಶ್ನೆ ಕೇಳಿದವರು: ತುಂಗಾತೀರ

ನನ್ನಲ್ಲಿ 2018ರಲ್ಲಿ ಕೊಂಡ ಒಂದು ಲ್ಯಾಪ್‌ಟಾಪ್ ಇದೆ. ಅದರಲ್ಲಿರುವುದು ಇಂಟೆಲ್ ಐ5-8250ಯು ಪ್ರೊಸೆಸರ್. ತೀರ್ಥಹಳ್ಳಿ ಸಮೀಪದ ನಮ್ಮ ಮನೆಗೆ ಇತ್ತೀಚೆಗೆ ಫೈಬರ್ ಸಂಪರ್ಕ ಬಂದಿದ್ದು, 100 ಎಂಬಿಪಿಎಸ್ ಯೋಜನೆ ಹಾಕಿಸಿಕೊಂಡಿದ್ದೇವೆ. ಫೋನಿನಲ್ಲಿ ಅಳೆದರೆ 90ರ ಆಸುಪಾಸಿನ ವೇಗ ಸಿಗುತ್ತದೆ; ಅದೇ ಮೇಜಿನ ಮೇಲಿಟ್ಟ ಲ್ಯಾಪ್‌ಟಾಪ್ 35ನ್ನು ದಾಟುವುದಿಲ್ಲ. ನಾನು ಗಣಿತದ ಪಾಠಗಳನ್ನು ವಿಡಿಯೊ ಕರೆಯ ಮೂಲಕ ಹೇಳಿಕೊಡುವವನು. ಬ್ಲೂಟೂತ್ ಹೆಡ್‌ಫೋನ್ ಜೋಡಿಸಿದ ಕೂಡಲೇ ಧ್ವನಿ ತುಂಡು ತುಂಡಾಗುತ್ತದೆ, ಒಮ್ಮೊಮ್ಮೆ ಸಂಪರ್ಕವೇ ಕಡಿದುಹೋಗುತ್ತದೆ. ರೂಟರ್ ಎರಡು ಹೆಸರುಗಳನ್ನು ತೋರಿಸುತ್ತದೆ. ಅವುಗಳಲ್ಲಿ 5 ಗಿಗಾಹರ್ಟ್ಸ್‌ನದು ಲ್ಯಾಪ್‌ಟಾಪ್‌ಗೆ ಕಾಣುವುದೇ ಇಲ್ಲ.

ಯುಎಸ್‌ಬಿ ಅಡಾಪ್ಟರ್ ಹಾಕಿಕೊಳ್ಳಿ ಎಂದು ಕೆಲವರು ಹೇಳಿದರು. ಆದರೆ ಇರುವ ಕಿಂಡಿಗಳಲ್ಲಿ ಬರೆಯುವ ಪ್ಯಾಡ್ ಮತ್ತು ಮೌಸ್ ಕುಳಿತಿವೆ. ಹೊರಗೆ ಚಾಚಿಕೊಂಡಿರುವ ವಸ್ತು ಮಕ್ಕಳಿರುವ ಮನೆಯಲ್ಲಿ ಹೆಚ್ಚು ಕಾಲ ಬಾಳುವುದೂ ಇಲ್ಲ. ಆದ್ದರಿಂದ ಒಳಗಿನ ಕಾರ್ಡನ್ನೇ ಬದಲಿಸಬೇಕೆಂದಿದ್ದೇನೆ. ಯಾವ ಕಾರ್ಡ್ ನನ್ನ ಯಂತ್ರಕ್ಕೆ ಹೊಂದುತ್ತದೆ ಎಂದು ತಿಳಿಯುವುದು ಹೇಗೆ? ಸ್ಕ್ರೂಡ್ರೈವರ್ ಹಿಡಿದು ಅಭ್ಯಾಸವಿರುವ ಸಾಮಾನ್ಯ ಬಳಕೆದಾರ ಇದನ್ನು ತಾನೇ ಮಾಡಬಹುದೇ? ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವಷ್ಟು ತೇವವಿರುತ್ತದೆ; ಅಂತಹ ಹವೆಯಲ್ಲಿ ಕಾರ್ಡನ್ನು ಕಾಪಾಡಿಕೊಳ್ಳುವುದು ಹೇಗೆ ಎಂಬುದನ್ನೂ ದಯವಿಟ್ಟು ತಿಳಿಸಿ.

ಉತ್ತರ 1: ತರಂಗಾಂತರ

ತಾವು ಹೇಳಿದ ಮೂರು ಲಕ್ಷಣಗಳಿಗೂ ಕಾರಣ ಒಂದೇ ಎಂದು ನನಗೆ ಅನಿಸುತ್ತದೆ. ಆ ಕಾಲದ ಕಡಿಮೆ ಬೆಲೆಯ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ತಯಾರಕರು 2.4 ಗಿಗಾಹರ್ಟ್ಸ್ ಮಾತ್ರ ಬಲ್ಲ, ಒಂದೇ ಆಂಟೆನಾದ 802.11ಎನ್ (ವೈಫೈನ ಒಂದು ಹಳೆಯ ತಲೆಮಾರು) ಕಾರ್ಡ್ ಹಾಕುತ್ತಿದ್ದರು. 20 ಮೆಗಾಹರ್ಟ್ಸ್ ಅಗಲದ ಚಾನೆಲ್‌ನಲ್ಲಿ ಅಂತಹ ಕಾರ್ಡಿನ ಗರಿಷ್ಠ ಸಂಪರ್ಕ ವೇಗ 72 ಎಂಬಿಪಿಎಸ್. ಪ್ರತಿ ರವಾನೆಗೂ ಬೇಕಾಗುವ ಸ್ವೀಕೃತಿ ಸಂದೇಶ, ಕಾಯುವಿಕೆ ಇವೆಲ್ಲ ಕಳೆದು ಕೈಗೆ ಸಿಗುವುದು ಅದರ ಅರ್ಧದಷ್ಟು. ತಮ್ಮ 35 ಅಲ್ಲಿಂದ ಬಂದ ಸಂಖ್ಯೆ. ಬ್ಲೂಟೂತ್ ಕೂಡ ಅದೇ 2.4 ಗಿಗಾಹರ್ಟ್ಸ್ ಶ್ರೇಣಿಯಲ್ಲಿ, ಅದೇ ಕಾರ್ಡಿನಿಂದ, ಅದೇ ಒಂದು ಆಂಟೆನಾದ ಮೂಲಕ ಕೆಲಸ ಮಾಡಬೇಕಾಗಿರುವುದರಿಂದ ಎರಡೂ ಸರದಿಯಂತೆ ಮಾತನಾಡಬೇಕಾಗುತ್ತದೆ, ಧ್ವನಿ ಕತ್ತರಿಸುತ್ತದೆ. ಕಾರ್ಡ್ ಕೆಟ್ಟಿಲ್ಲ, ಅದರ ಶಕ್ತಿಯೇ ಅಷ್ಟು. ಆದ್ದರಿಂದ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಬದಲಿಸಿ ಸಮಯ ಕಳೆಯಬೇಡಿ. ಬದಲಿಸಬೇಕೆಂಬ ತಮ್ಮ ನಿರ್ಧಾರ ಸರಿಯಾಗಿದೆ.

ಆದರೆ ಹಣ ಕೊಡುವ ಮೊದಲು ಲ್ಯಾಪ್‌ಟಾಪ್ ಬಿಚ್ಚಿ ಒಳಗೆ ನೋಡಿಕೊಳ್ಳಿ. ಈ ಕೆಲಸದಲ್ಲಿ ಹಣ ವ್ಯರ್ಥವಾಗುವುದು ಬಹುಮಟ್ಟಿಗೆ ನೋಡದೆ ಕೊಂಡವರದೇ. ಮೊದಲನೆಯದಾಗಿ, ಕಾರ್ಡ್ ಕಿಂಡಿಯಲ್ಲಿ ಕುಳಿತಿದೆಯೋ ಅಥವಾ ಮದರ್‌ಬೋರ್ಡಿಗೇ ಬೆಸೆದಿದೆಯೋ ಎಂದು ಗಮನಿಸಬೇಕು. ಬೆಸೆದಿದ್ದರೆ ಮನೆಯಲ್ಲಿ ಏನೂ ಮಾಡಲಾಗದು. ಇಂಟೆಲ್ ಕಾರ್ಡುಗಳಲ್ಲಿ ಮಾದರಿಯ ಹೆಸರಿನ ಕೊನೆಗೆ ಎನ್‌ಜಿಡಬ್ಲ್ಯೂ ಎಂದಿದ್ದರೆ ಅದು ತೆಗೆದು ಹಾಕುವ ಕಾರ್ಡ್, ಡಿ2ಡಬ್ಲ್ಯೂ ಎಂದಿದ್ದರೆ ಬೆಸೆಯುವ ಬಗೆ. ತಮ್ಮ ಯಂತ್ರದಲ್ಲಿ 22 ಮಿಲಿಮೀಟರ್ ಅಗಲ, 30 ಮಿಲಿಮೀಟರ್ ಉದ್ದದ ಎಂ.2 (ಈಗಿನ ಯಂತ್ರಗಳ ಚಪ್ಪಟೆ ಕಿಂಡಿಯ ಬಗೆ) ಕಾರ್ಡ್, ಅಂದರೆ 2230 ಎಂದು ಗುರುತಿಸುವ ಅಳತೆಯದು ಇರುವ ಸಾಧ್ಯತೆಯೇ ಹೆಚ್ಚು. ಎಸ್‌ಎಸ್‌ಡಿ ಕೂರುವ ಕಿಂಡಿಯೂ ಎಂ.2 ಎಂದೇ ಕರೆಸಿಕೊಳ್ಳುತ್ತದೆ, ಆದರೆ ಅದರ ಕಚ್ಚು, ಅಂದರೆ ಕಾರ್ಡಿನ ಅಂಚಿನಲ್ಲಿ ಕೊರೆದ ಸಂದಿಗೆ ಹೊಂದುವ ಭಾಗ, ಬೇರೆ ಜಾಗದಲ್ಲಿದೆ; ವೈಫೈಗೆ ಬೇಕಾದದ್ದು ಎ ಅಥವಾ ಇ ಕಚ್ಚಿನ ಕಿಂಡಿ. ಇನ್ನೂ ಹಳೆಯ, 2013-14ಕ್ಕೂ ಹಿಂದಿನ ಯಂತ್ರಗಳಲ್ಲಿ ಸಾಮಾನ್ಯವಾಗಿ 52 ಸಂಪರ್ಕ ಬಿಂದುಗಳ ಅರ್ಧ ಅಳತೆಯ ಮಿನಿ ಪಿಸಿಐಇ ಕಾರ್ಡ್ ಇರುತ್ತದೆ, ಅದಕ್ಕೆ ಎಂ.2 ಕಾರ್ಡ್ ನೇರವಾಗಿ ಕೂರುವುದಿಲ್ಲ.

ಎರಡನೆಯ ಸಂಗತಿಯೇ ಹೆಚ್ಚು ಜನರನ್ನು ದಾರಿ ತಪ್ಪಿಸುವಂಥದ್ದು. ಇಂಟೆಲ್ ಎಎಕ್ಸ್200 ಮತ್ತು ಎಎಕ್ಸ್201 ಎಂಬ ಎರಡು ಕಾರ್ಡುಗಳು ನೋಡಲು ಅವಳಿಗಳಂತಿವೆ, ಬೆಲೆಯಲ್ಲಿ ಎರಡನೆಯದೇ ಎಷ್ಟೋ ಸಲ ಅಗ್ಗ. ಆದರೆ ಎಎಕ್ಸ್201ರಲ್ಲಿ ರೇಡಿಯೊ ಭಾಗ ಮಾತ್ರ ಇದೆ; ಉಳಿದ ಲೆಕ್ಕಾಚಾರವನ್ನು ಇಂಟೆಲ್ ಚಿಪ್‌ಸೆಟ್ಟಿನ ಒಳಗಿರುವ ಸಿಎನ್‌ವಿಐ ಎಂಬ ವಿಭಾಗ ಮಾಡಬೇಕು. ಈ ಕಾರ್ಡಿಗೆ ಬೇಕಾದ ಎರಡನೆಯ ಆವೃತ್ತಿಯ ವಿಭಾಗ ಬಂದಿದ್ದು ಹತ್ತನೆಯ ತಲೆಮಾರಿನ ಪ್ರೊಸೆಸರ್‌ಗಳ ಜೊತೆಗೆ. ತಮ್ಮ 8250ಯುವಿನಲ್ಲಿ ಅದು ಇಲ್ಲ. ಎಎಕ್ಸ್201 ಹಾಕಿದರೆ ಯಂತ್ರ ಅದನ್ನು ಗುರುತಿಸುವುದೇ ಇಲ್ಲ. ಎಎಕ್ಸ್211 ಕೂಡ ಇದೇ ಬಗೆಯದು. ಎಎಕ್ಸ್200 ಮತ್ತು ಎಎಕ್ಸ್210 ತಮ್ಮ ಕೆಲಸವನ್ನೆಲ್ಲ ತಾವೇ ಮಾಡಿಕೊಂಡು ಪಿಸಿಐಇ (ಮದರ್‌ಬೋರ್ಡಿನ ಸಾಮಾನ್ಯ ಸಂಪರ್ಕ ಮಾರ್ಗ) ಮೂಲಕ ಮಾತನಾಡುವ ಪೂರ್ಣ ಕಾರ್ಡುಗಳು. ತಮಗೆ ಬೇಕಾದದ್ದು ಇವುಗಳಲ್ಲೊಂದು. ಎಎಂಡಿ ಕಂಪನಿಯ ಪ್ರೊಸೆಸರ್ ಇರುವ ಯಂತ್ರದವರಿಗೂ ಈ ಮಾತು ಅನ್ವಯಿಸುತ್ತದೆ. ವೈಫೈ 7 ತಲೆಮಾರಿನ ಇಂಟೆಲ್ ಬಿಇ200 ಪಿಸಿಐಇ ಕಾರ್ಡೇ ಆದರೂ ಬಹಳಷ್ಟು ಎಎಂಡಿ ಯಂತ್ರಗಳಲ್ಲಿ ಕೆಲಸ ಮಾಡದ ಕಾರಣ ಅವರು ಮೀಡಿಯಾಟೆಕ್ ಎಂಟಿ7922 ಚಿಪ್ಪಿನ ಕಾರ್ಡನ್ನು ನೋಡುವುದು ಕ್ಷೇಮ.

ಎಎಕ್ಸ್210 ಹೆಚ್ಚುವರಿಯಾಗಿ 6 ಗಿಗಾಹರ್ಟ್ಸ್ ಶ್ರೇಣಿಯನ್ನು ಬಲ್ಲದು. ಅದಕ್ಕೆ ವಿಂಡೋಸ್ 11 ಬೇಕು, 6 ಗಿಗಾಹರ್ಟ್ಸ್‌ನ ರೂಟರೂ ಬೇಕು. ಭಾರತದಲ್ಲಿ ಈ ಶ್ರೇಣಿಯ ಕೆಳಭಾಗದ 500 ಮೆಗಾಹರ್ಟ್ಸ್ ಅನ್ನು ಪರವಾನಗಿಯಿಲ್ಲದೆ ಬಳಸಲು ಬಿಡುವ ಕರಡು ನಿಯಮವನ್ನು ದೂರಸಂಪರ್ಕ ಇಲಾಖೆ ಪ್ರಕಟಿಸಿದ್ದು 2025ರ ಮೇ ತಿಂಗಳಿನಲ್ಲಿ. 100 ಎಂಬಿಪಿಎಸ್ ಯೋಜನೆಯವರು ಇದಕ್ಕಾಗಿ ಹೆಚ್ಚು ಹಣ ಕೊಡಬೇಕಾಗಿಲ್ಲ. ತಮ್ಮ ಕೆಲಸಕ್ಕೆ 5 ಗಿಗಾಹರ್ಟ್ಸ್ ಸಾಕು. 2018ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಈ ಶ್ರೇಣಿಯ 605 ಮೆಗಾಹರ್ಟ್ಸ್ ಅನ್ನು ಪರವಾನಗಿಯಿಂದ ಮುಕ್ತಗೊಳಿಸಿದ ಮೇಲೆ ನಮ್ಮಲ್ಲಿ ಅದರ ಬಳಕೆಗೆ ಯಥೇಚ್ಛ ಜಾಗವಿದೆ.

ಇನ್ನೊಂದು ಮಾತು. 2010ರ ದಶಕದ ಮೊದಲ ವರ್ಷಗಳಲ್ಲಿ ಕೆಲವು ತಯಾರಕರು ತಾವು ಒಪ್ಪಿದ ಕಾರ್ಡುಗಳ ಪಟ್ಟಿಯನ್ನು ಬಯಾಸ್‌ನಲ್ಲಿ (ಯಂತ್ರವನ್ನು ಶುರು ಮಾಡುವ ಒಳ ತಂತ್ರಾಂಶದಲ್ಲಿ) ಅಡಗಿಸಿಟ್ಟು, ಬೇರೆ ಕಾರ್ಡ್ ಕಂಡರೆ ಯಂತ್ರ ಶುರುವಾಗದಂತೆ ಮಾಡುತ್ತಿದ್ದರು. ಕೊಂಡವರ ಯಂತ್ರಕ್ಕೆ ಹಾಕಿದ ಈ ಬೀಗವನ್ನು ನಾನು ಎಂದಿಗೂ ಒಪ್ಪಲಾರೆ. 2018ರ ಯಂತ್ರಗಳಲ್ಲಿ ಇದು ಅಪರೂಪ. ಆದರೂ ತಮ್ಮ ಮಾದರಿಯ ಸರ್ವಿಸ್ ಕೈಪಿಡಿಯನ್ನು ಒಮ್ಮೆ ನೋಡಿಬಿಡಿ.

ಉತ್ತರ 2: ಬೆಸುಗೆಕಡ್ಡಿ

ಮೇಲಿನ ಉತ್ತರ ಕಾರ್ಡಿನ ಆಯ್ಕೆಯ ಬಗ್ಗೆ ಹೇಳಬೇಕಾದ್ದನ್ನು ಹೇಳಿದೆ. ನಾನು ಉಡುಪಿಯ ಕಡೆ ಲ್ಯಾಪ್‌ಟಾಪ್ ದುರಸ್ತಿ ಮಾಡುವವನು. ಕೈಯಿಂದ ಮಾಡುವ ಕೆಲಸದ ಬಗ್ಗೆ ಬರೆಯುತ್ತೇನೆ. ನಮ್ಮ ಮೇಜಿಗೆ ವೈಫೈ ಕೆಟ್ಟಿದೆ ಎಂದು ಬರುವ ಯಂತ್ರಗಳಲ್ಲಿ ಕಾರ್ಡೇ ಸತ್ತಿರುವುದು ಕಡಿಮೆ. ಆಂಟೆನಾದ ತಂತಿ ಅಥವಾ ಅದರ ತುದಿಯ ಜೋಡಕ ಹಾಳಾಗಿರುವುದೇ ಹೆಚ್ಚು. ಕಾರ್ಡನ್ನು ಇಂದು ಕಳೆದುಕೊಂಡರೆ ನಾಳೆ ಇನ್ನೊಂದು ಕೊಳ್ಳಬಹುದು. ಪರದೆಯ ಅಂಚಿನಲ್ಲಿರುವ ಆಂಟೆನಾದಿಂದ ಕೀಲಿನ ಮೂಲಕ ಹಾದು ಬರುವ ತಂತಿ ತುಂಡಾದರೆ ಪರದೆಯನ್ನೇ ಬಿಚ್ಚಬೇಕು. ಆದ್ದರಿಂದ ತಮ್ಮ ಜಾಗ್ರತೆಯೆಲ್ಲ ಆ ತಂತಿಯ ಮೇಲಿರಲಿ.

ಯಂತ್ರವನ್ನು ಪೂರ್ಣವಾಗಿ ಆರಿಸಿ. ವಿಂಡೋಸ್‌ನಲ್ಲಿ ಶಿಫ್ಟ್ ಕೀಲಿ ಒತ್ತಿ ಹಿಡಿದು ಷಟ್‌ಡೌನ್ ಆರಿಸಿಕೊಂಡರೆ ಮಾತ್ರ ಅದು ನಿಜವಾಗಿ ಆರುತ್ತದೆ. ಇಲ್ಲದಿದ್ದರೆ ಫಾಸ್ಟ್ ಸ್ಟಾರ್ಟಪ್ ಎಂಬ ವ್ಯವಸ್ಥೆ ಅರ್ಧ ನಿದ್ರೆಯಲ್ಲೇ ಬಿಟ್ಟಿರುತ್ತದೆ. ಚಾರ್ಜರ್ ಕಿತ್ತು, ಕೆಳಗಿನ ಮುಚ್ಚಳ ತೆಗೆದ ತಕ್ಷಣ ಬ್ಯಾಟರಿಯ ಜೋಡಕವನ್ನು ಮದರ್‌ಬೋರ್ಡಿನಿಂದ ಬಿಡಿಸಬೇಕು. ತಂತಿ ಹಿಡಿದು ಎಳೆಯದೆ ಜೋಡಕದ ಪ್ಲಾಸ್ಟಿಕ್ ಅಂಚನ್ನು ಉಗುರಿನಿಂದ ಸರಿಸಿ. ಬಳಿಕ ಪವರ್ ಗುಂಡಿಯನ್ನು ಸುಮಾರು ಅರ್ಧ ನಿಮಿಷ ಒತ್ತಿ ಹಿಡಿದರೆ ಒಳಗೆ ಉಳಿದ ವಿದ್ಯುತ್ ಇಳಿದುಹೋಗುತ್ತದೆ. ಕಂಬಳಿ, ರೇಷ್ಮೆ ಬಟ್ಟೆಯ ಮೇಲೆ ಕುಳಿತು ಈ ಕೆಲಸ ಮಾಡಬೇಡಿ. ಮರದ ಮೇಜು ಸಾಕು. ಮಳೆಗಾಲದ ತೇವದಲ್ಲಿ ಸ್ಥಿರವಿದ್ಯುತ್ತಿನ ಅಪಾಯ ಕಡಿಮೆಯೇ. ಬೇಸಿಗೆಯ ಒಣಹವೆಯಲ್ಲಿ ಬಿಚ್ಚುವವರು ಮೊದಲು ಭೂಸಂಪರ್ಕವಿರುವ ಲೋಹವನ್ನು ಮುಟ್ಟಿಕೊಳ್ಳಬೇಕು.

ಏನನ್ನೂ ಕೀಳುವ ಮೊದಲು ಒಂದು ಚಿತ್ರ ತೆಗೆದುಕೊಳ್ಳಿ. ಯಾವ ಬಣ್ಣದ ತಂತಿ ಯಾವ ಬಿಂದುವಿಗೆ ಹೋಗುತ್ತದೆ ಎಂಬುದು ತಯಾರಕರಿಂದ ತಯಾರಕರಿಗೆ ಬದಲಾಗುತ್ತದೆ. ಬಣ್ಣವನ್ನು ನಂಬದೆ ಚಿತ್ರವನ್ನು ನಂಬಿ. ಜೋಡಕವನ್ನು ಮೊಂಡಾದ ಪ್ಲಾಸ್ಟಿಕ್ ಕಡ್ಡಿಯಿಂದ ಅಂಚಿನ ಕೆಳಗೆ ಹಾಕಿ ನೇರವಾಗಿ ಮೇಲಕ್ಕೆತ್ತಬೇಕು. ಓರೆಯಾಗಿ ತಿರುಚಿದರೆ ಕಾರ್ಡಿನ ಮೇಲಿನ ಬಿಂದುವೇ ಕಿತ್ತು ಬರುತ್ತದೆ. ನಂತರ ಸ್ಕ್ರೂ ತೆಗೆದರೆ ಕಾರ್ಡ್ ತಾನಾಗಿ ಓರೆಯಾಗಿ ಮೇಲೇಳುತ್ತದೆ. ಹೊಸದನ್ನು ಅದೇ ಓರೆಯಲ್ಲಿ ಕಚ್ಚು ಹೊಂದಿಸಿ ಒಳಗೆ ತಳ್ಳಿ, ಒತ್ತಿ ಮಲಗಿಸಿ, ಸ್ಕ್ರೂ ಹಾಕಿ. ಸ್ಕ್ರೂವನ್ನು ಬಿಗಿಯಾಗಿ ತಿರುಗಿಸುವ ಅಗತ್ಯವಿಲ್ಲ.

ಆಮೇಲೆ ತಂತಿಗಳನ್ನು ಕೂರಿಸುವ ಘಟ್ಟ. ಎಂ.2 ಕಾರ್ಡಿನ ಜೋಡಕಕ್ಕೆ ಎಂಎಚ್‌ಎಫ್4 ಎಂದು ಹೆಸರು. ಮಿನಿ ಪಿಸಿಐಇ ಕಾಲದ ಜೋಡಕಕ್ಕಿಂತ ಇದು ಚಿಕ್ಕದು, ಒಂದರ ಮೇಲೆ ಇನ್ನೊಂದು ಕೂರುವುದಿಲ್ಲ. ಅಂಗಿಯ ಒತ್ತುಗುಂಡಿಯ ಹಾಗೆ ಎರಡೂ ನೇರವಾಗಿ ಒಂದರ ಮೇಲೊಂದು ಬಂದಾಗ ಮಾತ್ರ ಕೂರುತ್ತದೆ. ಬೆರಳ ತುದಿಯಿಂದ ಅಲ್ಲಾಡಿಸುತ್ತಾ ಅದು ಸರಿಯಾದ ಜಾಗಕ್ಕೆ ಇಳಿದಂತೆ ಅನಿಸಿದ ಮೇಲೆಯೇ ಒತ್ತಿ; ಸಣ್ಣದಾಗಿ ಟಕ್ ಎನ್ನುವುದು ಬೆರಳಿಗೆ ತಿಳಿಯುತ್ತದೆ. ಹಾಗೆ ಅನಿಸುವ ಮೊದಲೇ ಬಲ ಹಾಕಿದರೆ ಹೊರಗಿನ ಉಂಗುರ ಚಪ್ಪಟೆಯಾಗುತ್ತದೆ. ಹಿಂದಿನ ದೊಡ್ಡ ಯು.ಎಫ್‌ಎಲ್ ಜೋಡಕಕ್ಕೇ ಅದರ ತಯಾರಕರಾದ ಹಿರೋಸೆ ಕಂಪನಿ ಹೇಳುವ ಬಾಳಿಕೆ 30 ಸಲದ ಜೋಡಣೆ ಮಾತ್ರ. ಆದ್ದರಿಂದ ಪರೀಕ್ಷೆಗೆಂದು ಮತ್ತೆ ಮತ್ತೆ ಕಿತ್ತು ಹಾಕಬೇಡಿ.

ಮಳೆಗಾಲದ ಬಗ್ಗೆ ಕೇಳಿದ್ದೀರಿ. ನಮ್ಮ ಕರಾವಳಿಯಲ್ಲಿ ಉಪ್ಪು ಗಾಳಿಯೂ ಸೇರಿ ಸಂಪರ್ಕ ಬಿಂದುಗಳ ಮೇಲೆ ಪೊರೆ ಕಟ್ಟುತ್ತದೆ; ಮಲೆನಾಡಿನಲ್ಲಿ ಉಪ್ಪಿಲ್ಲದಿದ್ದರೂ ತೇವ ಸಾಕಷ್ಟಿದೆ. ಯಂತ್ರವನ್ನು ತಿಂಗಳುಗಟ್ಟಲೆ ಚೀಲದಲ್ಲಿ ಮುಚ್ಚಿಡದೆ ದಿನವೂ ಸ್ವಲ್ಪ ಹೊತ್ತು ನಡೆಸುವುದೇ ಒಳ್ಳೆಯ ರಕ್ಷಣೆ, ಏಕೆಂದರೆ ಅದರ ಸ್ವಂತ ಬಿಸಿಯೇ ಒಳಗನ್ನು ಒಣಗಿಸುತ್ತದೆ. ಕಾರ್ಡ್ ಆಗಾಗ ಕಣ್ಮರೆಯಾಗಿ ಮತ್ತೆ ಬರುತ್ತಿದ್ದರೆ ಅದನ್ನು ತೆಗೆದು ಚಿನ್ನದ ಲೇಪವಿರುವ ಅಂಚನ್ನು 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ನೂಲು ಬಿಡದ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಲು ಬಿಟ್ಟು ಹಾಕಿ. ಅಂಗಡಿಗಳಲ್ಲಿ ಇಂದಿಗೂ ಪೆನ್ಸಿಲ್ ರಬ್ಬರಿನಿಂದ ಉಜ್ಜುವ ರೂಢಿ ಇದೆ. ದಯವಿಟ್ಟು ಅದನ್ನು ಮಾಡಬೇಡಿ. ಲೇಪ ಬಹಳ ತೆಳುವಾದದ್ದು, ರಬ್ಬರು ಅದನ್ನು ಸವೆಸುತ್ತದೆ, ಅದರ ಪುಡಿ ಕಿಂಡಿಯೊಳಗೆ ಸೇರಿಕೊಳ್ಳುತ್ತದೆ, ಒಳಗಿನ ಲೋಹ ಹೊರಬಿದ್ದ ಮೇಲೆ ಮುಂದಿನ ಮಳೆಗಾಲದಲ್ಲಿ ತೊಂದರೆ ದುಪ್ಪಟ್ಟಾಗುತ್ತದೆ.

ಉತ್ತರ 3: ಪೆಂಗ್ವಿನ್ ಪ್ರಿಯ

ಡ್ರೈವರ್ ಕುರಿತು ಎರಡು ಮಾತು. ಹೊಸ ಕಾರ್ಡ್ ಹಾಕಿದ ಮೇಲೆ ಡ್ರೈವರ್ ಇಳಿಸಿಕೊಳ್ಳಲು ಅಂತರಜಾಲ ಬೇಕು, ಅಂತರಜಾಲಕ್ಕೆ ಡ್ರೈವರ್ ಬೇಕು ಎಂಬ ಇಕ್ಕಟ್ಟಿಗೆ ಸಿಕ್ಕಿಕೊಳ್ಳದಿರಲು, ಇಂಟೆಲ್ ತಾಣದಿಂದ ವೈಫೈ ಮತ್ತು ಬ್ಲೂಟೂತ್ ಎರಡರ ಡ್ರೈವರ್‌ಗಳನ್ನೂ ಮೊದಲೇ ಇಳಿಸಿಟ್ಟುಕೊಳ್ಳಿ. ಮರೆತರೆ ಫೋನನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ ಟೆದರಿಂಗ್ ಮಾಡಬಹುದು, ಅಂದರೆ ಫೋನಿನ ಅಂತರಜಾಲವನ್ನೇ ಬಳಸಬಹುದು. ಲಿನಕ್ಸ್ ಬಳಸುವವರಿಗೆ ಎಎಕ್ಸ್200ರ ಬೆಂಬಲ 5.1ನೆಯ ಕರ್ನಲ್‌ನಿಂದ (ಕರ್ನಲ್ ಎಂದರೆ ಲಿನಕ್ಸ್‌ನ ತಿರುಳು ಭಾಗ), ಎಎಕ್ಸ್210ರದು 5.10ರಿಂದ ಇದೆ, ಲಿನಕ್ಸ್ ಫರ್ಮ್‌ವೇರ್ ಪ್ಯಾಕೇಜೂ ಹೊಸದಾಗಿರಬೇಕು. ಒಂದೇ ಯಂತ್ರದಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಇಟ್ಟುಕೊಂಡವರು ಫಾಸ್ಟ್ ಸ್ಟಾರ್ಟಪ್ಪನ್ನು ಶಾಶ್ವತವಾಗಿ ನಿಲ್ಲಿಸಬೇಕು. ಇಲ್ಲವಾದರೆ ವಿಂಡೋಸ್ ಅರೆನಿದ್ರೆಯಲ್ಲಿ ಬಿಟ್ಟುಹೋದ ಕಾರ್ಡನ್ನು ಲಿನಕ್ಸ್ ಎಬ್ಬಿಸಲಾರದೆ ಹೋಗಬಹುದು.

ನಿರ್ವಹಣೆ ಎಂದರೆ ಧೂಳು, ತೇವ ಮಾತ್ರವಲ್ಲ ಎಂಬುದನ್ನೂ ಒತ್ತಿ ಹೇಳಬಯಸುತ್ತೇನೆ. ಬೆಲ್ಜಿಯಂನ ಸಂಶೋಧಕ ಮ್ಯಾಥಿ ವಾನ್‌ಹೂಫ್ 2017ರ ಅಕ್ಟೋಬರ್‌ನಲ್ಲಿ ಕ್ರ್ಯಾಕ್ ಎಂಬ ವೈಫೈ ಭದ್ರತಾ ದೋಷವನ್ನೂ 2021ರ ಮೇ ತಿಂಗಳಿನಲ್ಲಿ ಫ್ರಾಗ್‌ಅಟ್ಯಾಕ್ಸ್ ಎಂಬ ದೋಷಗಳ ಗುಂಪನ್ನೂ ಪ್ರಕಟಿಸಿದಾಗ, ರೂಟರ್‌ಗಳಂತೆಯೇ ಲ್ಯಾಪ್‌ಟಾಪ್‌ಗಳ ಕಡೆಯಲ್ಲೂ ತಿದ್ದುಪಡಿಗಳು ಬೇಕಾದವು. ಹಳೆಯ ಡ್ರೈವರ್ ಚೆನ್ನಾಗಿ ಓಡುತ್ತಿದೆ ಎಂದು ವರ್ಷಗಟ್ಟಲೆ ಮುಟ್ಟದೆ ಬಿಡುವುದು ಈ ಕಾರಣಕ್ಕೆ ಸರಿಯಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ತಮ್ಮ ಎಂಟನೆಯ ತಲೆಮಾರಿನ ಪ್ರೊಸೆಸರ್ ವಿಂಡೋಸ್ 11ಕ್ಕೆ ಅರ್ಹವಾದದ್ದು.

ಹೊಸ ಕಾರ್ಡ್ ಯಂತ್ರ ನಿದ್ರೆಯಿಂದ ಎದ್ದ ಮೇಲೆ ಕಾಣೆಯಾದರೆ, ಡಿವೈಸ್ ಮ್ಯಾನೇಜರ್‌ನಲ್ಲಿ ಕಾರ್ಡಿನ ಗುಣಲಕ್ಷಣಗಳನ್ನು ತೆರೆದು, ವಿದ್ಯುತ್ ಉಳಿಸಲು ಈ ಸಾಧನವನ್ನು ಆರಿಸಲು ಕಂಪ್ಯೂಟರಿಗೆ ಅನುಮತಿ ಕೊಡುವ ಗುರುತನ್ನು ತೆಗೆದುಹಾಕಿ. ಕೋಡ್ 10 ಎಂಬ ದೋಷ ಬಂದರೆ ಕೂಡಲೇ ಕಾರ್ಡ್ ಸತ್ತಿತೆಂದು ತಿಳಿಯಬೇಡಿ. ಹಿಂದಿನ ಉತ್ತರದಲ್ಲಿ ಹೇಳಿದಂತೆ ವಿದ್ಯುತ್ತನ್ನು ಪೂರ್ಣವಾಗಿ ಇಳಿಸಿ ಮತ್ತೆ ಶುರು ಮಾಡಿದರೆ ಅನೇಕ ಸಲ ಸರಿಹೋಗುತ್ತದೆ.

ಪ್ರಶ್ನೆ ಕೇಳಿದವರು: ತುಂಗಾತೀರ

ಎಲ್ಲರಿಗೂ ಧನ್ಯವಾದಗಳು. ಕೊಳ್ಳುವ ಮುನ್ನ ಮುಚ್ಚಳ ತೆಗೆದು ನೋಡಿದೆ. ಕಾರ್ಡ್ ಎಂ.2 2230 ಅಳತೆಯದೇ, ಬೆಸೆದಿಲ್ಲ. ಆದರೆ ಅದಕ್ಕೆ ಬಂದಿರುವುದು ಒಂದೇ ಕಪ್ಪು ತಂತಿ. ಎರಡನೆಯ ತಂತಿ ಎಲ್ಲಿಯೂ ಸುತ್ತಿ ಇಟ್ಟಿಲ್ಲ. ಎಎಕ್ಸ್210ರಲ್ಲಿ ಎರಡು ಬಿಂದುಗಳಿವೆಯಲ್ಲ? ಒಂದನ್ನು ಖಾಲಿ ಬಿಟ್ಟರೆ ಕಾರ್ಡಿಗೆ ಹಾನಿಯಾಗುವುದೇ? ನನ್ನ ಮಗನ ಡೆಸ್ಕ್‌ಟಾಪ್‌ಗೂ ಇಂಥದೇ ಕಾರ್ಡ್ ಹಾಕಬಹುದೇ?

ಉತ್ತರ 4: ತರಂಗಾಂತರ

ಬಿಚ್ಚಿ ನೋಡಿದ್ದು ಒಳ್ಳೆಯದಾಯಿತು. ಒಂದು ತಂತಿಯಿಂದಲೂ ತಮ್ಮ ಕೆಲಸ ನಡೆಯುತ್ತದೆ. 5 ಗಿಗಾಹರ್ಟ್ಸ್‌ನಲ್ಲಿ 80 ಮೆಗಾಹರ್ಟ್ಸ್ ಅಗಲದ ಚಾನೆಲ್ ಸಿಕ್ಕರೆ ವೈಫೈ 5ರ ರೂಟರ್ ಜೊತೆ ಒಂದು ಆಂಟೆನಾದ ಸಂಪರ್ಕ ವೇಗ 433 ಎಂಬಿಪಿಎಸ್, ವೈಫೈ 6ರ ರೂಟರ್ ಜೊತೆ 600. ಅದರ ಅರ್ಧ ಸಿಕ್ಕರೂ ತಮ್ಮ 100 ಎಂಬಿಪಿಎಸ್ ಯೋಜನೆಗೆ ಧಾರಾಳ. ಖಾಲಿ ಬಿಂದುವಿನಿಂದ ಕಾರ್ಡ್ ಸುಟ್ಟುಹೋಗುವುದಿಲ್ಲ, ಈ ಕಾರ್ಡುಗಳ ಪ್ರಸಾರ ಶಕ್ತಿ ಅಷ್ಟು ಕಡಿಮೆ. ಆದರೂ ಹಾಗೆ ವರ್ಷಗಟ್ಟಲೆ ಬಿಡುವುದು ನನಗೆ ಇಷ್ಟವಿಲ್ಲ. ಬ್ಲೂಟೂತ್ ಎರಡು ಬಿಂದುಗಳಲ್ಲಿ ಒಂದನ್ನು ಹಂಚಿಕೊಳ್ಳುತ್ತದೆ. ಇರುವ ತಂತಿ ಇನ್ನೊಂದರ ಮೇಲೆ ಕುಳಿತಿದ್ದರೆ ವೈಫೈ ಚೆನ್ನಾಗಿದ್ದು ಹೆಡ್‌ಫೋನ್ ಮಾತ್ರ ಎರಡು ಹೆಜ್ಜೆ ದೂರ ಹೋದೊಡನೆ ಕಡಿದುಹೋಗುತ್ತದೆ. ಹಾಗಾದರೆ ತಂತಿಯನ್ನು ಇನ್ನೊಂದು ಬಿಂದುವಿಗೆ ಒಂದು ಸಲ ಬದಲಿಸಿ ನೋಡಿ.

ಇನ್ನೊಂದು ಪರೀಕ್ಷೆಯೂ ಬೇಕು. ಹಳೆಯ ಕಾರ್ಡಿಗೆ 2.4 ಗಿಗಾಹರ್ಟ್ಸ್ ಮಾತ್ರ ಬೇಕಾಗಿದ್ದರೂ, ಅದೇ ಮಾದರಿಯ ದುಬಾರಿ ಯಂತ್ರಕ್ಕೂ ಹೊಂದಲೆಂದು ಎರಡೂ ಶ್ರೇಣಿಗಳ ಆಂಟೆನಾವನ್ನೇ ಪರದೆಯಲ್ಲಿ ಇಟ್ಟಿರುವುದು ರೂಢಿ. ಇಟ್ಟಿದ್ದಾರೆಯೇ ಎಂದು ತಿಳಿಯಲು ರೂಟರ್ ಇರುವ ಕೋಣೆಯಲ್ಲೇ 5 ಗಿಗಾಹರ್ಟ್ಸ್‌ನ ಸಂಕೇತ ಬಲವನ್ನು ನೋಡಿ. ಅಷ್ಟು ಹತ್ತಿರದಲ್ಲಿ ಮೈನಸ್ 40ರಿಂದ ಮೈನಸ್ 50 ಡಿಬಿಎಂ (ಸಂಕೇತ ಬಲದ ಅಳತೆ; ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು) ಇರಬೇಕು. ಮೈನಸ್ 70ಕ್ಕೂ ಕೆಳಗಿದ್ದರೆ ಆಂಟೆನಾ ಆ ಶ್ರೇಣಿಗೆ ಹೊಂದುತ್ತಿಲ್ಲ, ಅಥವಾ ಜೋಡಕ ಸರಿಯಾಗಿ ಕುಳಿತಿಲ್ಲ.

ಡೆಸ್ಕ್‌ಟಾಪ್‌ಗೆ ಪಿಸಿಐಇ ಎಕ್ಸ್1 ಹಲಗೆಯ ಮೇಲೆ ಇದೇ ಎಂ.2 ಕಾರ್ಡ್ ಕೂರಿಸಿದ ಅಡಾಪ್ಟರ್‌ಗಳು ಸಿಗುತ್ತವೆ. ಉದ್ದನೆಯ ಕಿಂಡಿಯಲ್ಲೂ ಅವು ಕೆಲಸ ಮಾಡುತ್ತವೆ. ಜೊತೆಗೆ ಬರುವ ಸಣ್ಣ ತಂತಿಯನ್ನು ಮದರ್‌ಬೋರ್ಡಿನ ಯುಎಸ್‌ಬಿ 2.0ರ ಒಂಬತ್ತು ಪಿನ್ನಿನ ಜಾಗಕ್ಕೆ ಹಾಕಲೇಬೇಕು, ಏಕೆಂದರೆ ವೈಫೈ ಪಿಸಿಐಇ ಮೂಲಕ ಬಂದರೂ ಬ್ಲೂಟೂತ್ ಬರುವುದು ಯುಎಸ್‌ಬಿ ಮೂಲಕ. ಆಂಟೆನಾಗಳನ್ನು ಪೆಟ್ಟಿಗೆಯ ಹಿಂದೆ, ಗೋಡೆ ಮತ್ತು ಲೋಹದ ನಡುವೆ ಬಿಡಬೇಡಿ. ಉದ್ದ ತಂತಿಯ ಬುಡವಿರುವ ಆಂಟೆನಾ ಕೊಂಡು ಮೇಜಿನ ಮೇಲಿಡಿ. ಬಿಡಿ ಭಾಗಗಳು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ.

ಉತ್ತರ 5: ಬೆಸುಗೆಕಡ್ಡಿ

ಎರಡನೆಯ ಆಂಟೆನಾ ಸೇರಿಸುವುದು ಕಷ್ಟವಲ್ಲ. ಎಂಎಚ್‌ಎಫ್4 ತುದಿಯ, ಹಿಂಬದಿಯಲ್ಲಿ ಅಂಟಿರುವ, ಎರಡೂ ಶ್ರೇಣಿಗಳ ಲ್ಯಾಪ್‌ಟಾಪ್ ಆಂಟೆನಾ ಎಂದು ಕೇಳಿ ತೆಗೆದುಕೊಳ್ಳಿ. ಪರದೆಯವರೆಗೆ ಎಳೆಯುವ ಸಾಹಸ ಬೇಡ. ಕೆಳಭಾಗದ ದೇಹ ಪ್ಲಾಸ್ಟಿಕ್ಕಿನದಾಗಿದ್ದರೆ ಅಂಗೈ ಇಡುವ ಜಾಗದ ಮೂಲೆಯಲ್ಲಿ, ಹೊರ ಅಂಚಿಗೆ ಹತ್ತಿರವಾಗಿ ಅಂಟಿಸಿ. ಬ್ಯಾಟರಿ, ಹಾರ್ಡ್‌ಡಿಸ್ಕ್, ಕೀಲಿಮಣೆಯ ಲೋಹದ ತಗಡು ಇವುಗಳ ಮೇಲೆ ಅಂಟಿಸಿದರೆ ಪ್ರಯೋಜನವಿಲ್ಲ. ತಂತಿಯನ್ನು ಫ್ಯಾನಿನ ಗಾಳಿದಾರಿಯಿಂದ ದೂರವಿಟ್ಟು, ಚೂಪಾಗಿ ಮಡಿಸದೆ, ಹೆಚ್ಚಾದ ಉದ್ದವನ್ನು ಅಗಲವಾದ ಸುತ್ತಿನಲ್ಲಿ ಮಲಗಿಸಿ ಟೇಪ್ ಹಾಕಿ. ಮುಚ್ಚಳ ಮುಚ್ಚುವ ಮೊದಲು ಯಾವ ಸ್ಕ್ರೂ ಗುಂಡಿಯ ಮೇಲೂ ತಂತಿ ಹಾದಿಲ್ಲವೆಂದು ನೋಡಿಕೊಂಡು, ಬ್ಯಾಟರಿಯ ಜೋಡಕವನ್ನು ಕೊನೆಗೆ ಹಾಕಿ.